ಔಷಧದಾನಕ್ಕೆ ಹೊತ್ತುಂಟೇ?

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರನ್ನು ನಮ್ಮ ಮನೆಗಳ ಮಕ್ಕಳು ಅಕ್ಷರಾಭ್ಯಾಸಕ್ಕೆ ಕುಳಿತುಕೊಳ್ಳುವ ಮೊದಲೇ ಕೇಳಿರುತ್ತಾರೆ. ಇವುಗಳಲ್ಲಿ ಆಹಾರದಾನಕ್ಕೆ ಹೊತ್ತು ಗೊತ್ತಾಗಿದೆ. ಮುನಿಗಳು ಹಗಲಿನಲ್ಲಿ ಒಮ್ಮೆ ಚರ್ಯೆಗೆ ಹೊರಡುತ್ತಾರೆ. ಶ್ರಾವಕನು ಕಲಶ ಹಿಡಿದು ಬಾಗಿಲಲ್ಲಿ ಕಾಯುತ್ತಾನೆ. ಶಾಸ್ತ್ರದಾನಕ್ಕೆ ಅವಸರವಿಲ್ಲ, ಈ ವರ್ಷ ಕೊಡಲಾಗದ ಗ್ರಂಥವನ್ನು ಮುಂದಿನ ದಶಲಕ್ಷಣ ಪರ್ವದಲ್ಲಿ ಕೊಟ್ಟರೂ ಅದರ ಅಕ್ಷರಗಳು ಅಳಿಸಿಹೋಗುವುದಿಲ್ಲ. ಔಷಧದಾನದ ಸ್ವಭಾವ ಬೇರೆ. ಅದರ ಹೊತ್ತನ್ನು ಕೊಡುವವನು ಗೊತ್ತುಮಾಡುವುದಿಲ್ಲ, ರೋಗ ಗೊತ್ತುಮಾಡುತ್ತದೆ. ರೋಗಿಯು ಮಗುವಾಗಿದ್ದರೆ ಆ ಹೊತ್ತು ಕೆಲವೇ ಗಂಟೆಗಳಲ್ಲಿ, ಒಮ್ಮೊಮ್ಮೆ ನಿಮಿಷಗಳಲ್ಲಿ, ಮುಗಿದುಹೋಗುತ್ತದೆ.

ವೈದ್ಯನಲ್ಲದ ನನಗೆ ಈ ವಿಷಯವಾಗಿ ಬರೆಯುವ ಅಧಿಕಾರವೇನು ಎಂದು ವಾಚಕರು ಕೇಳಬಹುದು. ಬಿ.ಕಾಂ. ಓದಿ, ದಿನಸಿ ಮತ್ತು ಅಡಿಕೆಯ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದು, ಬಿಡುವಿನಲ್ಲಿ ಸ್ವಾಧ್ಯಾಯ ಮಾಡಿಕೊಂಡು ಬಂದವನು ನಾನು. ಆದರೆ ಇದು ಚಿಕಿತ್ಸೆ ಮಾಡುವವರಿಗಿಂತ ಹೆಚ್ಚಾಗಿ ಕೊಡುವವರಿಗೆ ಸಂಬಂಧಿಸಿದ ಪ್ರಶ್ನೆ. ಅಲ್ಲದೆ ಒಂದು ರಾತ್ರಿಯ ಲೆಕ್ಕ ನನ್ನ ಹೆಸರಿನಲ್ಲಿ ಇಂದಿಗೂ ಬಾಕಿ ಉಳಿದಿದೆ.

1994ರ ಆಷಾಢ. ನಾನಾಗ ನಮ್ಮ ಕಡೆಯ ಒಂದು ಬಸದಿಯ ಆಡಳಿತ ಮಂಡಳಿಗೆ ಖಜಾಂಚಿಯಾಗಿದ್ದೆ. ಮಳೆ ಹಿಡಿದು ವಾರ ಕಳೆದಿತ್ತು; ಕರೆಂಟು ಹೋಗಿ ಎರಡು ದಿನವಾಗಿತ್ತು. ರಾತ್ರಿ ಎಂಟೂವರೆಯ ಸುಮಾರಿಗೆ ಕಂಬಳಿಕೊಪ್ಪೆ ಹೊದ್ದ ಒಬ್ಬಾತ ಮನೆಯ ಜಗಲಿಗೆ ಬಂದು ನಿಂತ. ತೋಟದ ಕೆಲಸಕ್ಕೆ ಹೋಗುವವ. ಅವನ ಮಗನಿಗೆ ನಾಲ್ಕು ವರ್ಷ. ಎರಡು ದಿನದಿಂದ ಜ್ವರ, ಮಧ್ಯಾಹ್ನದಿಂದ ವಾಂತಿ, ಸಂಜೆ ಒಮ್ಮೆ ಮೈ ಸೆಟೆದುಕೊಂಡಿತ್ತು. ಊರಿನ ಡಾಕ್ಟರು ನೋಡಿ, ಕುತ್ತಿಗೆ ಬಿಗಿದುಕೊಂಡಿದೆ, ಬೆಳಗಿನವರೆಗೆ ಕಾಯಬೇಡಿ, ಈಗಲೇ ಶಿವಮೊಗ್ಗಕ್ಕೆ ಒಯ್ಯಿರಿ ಎಂದಿದ್ದರು. ಬಾಡಿಗೆ ಕಾರಿನವ ಆರುನೂರು ರೂಪಾಯಿ ಮುಂಗಡ ಕೇಳುತ್ತಿದ್ದ. "ಸಾವ್ಕಾರ್ರೇ, ಬಸದಿಯಿಂದ ಮದ್ದಿಗೆ ದುಡ್ಡು ಕೊಡ್ತಾರೆ ಅಂದ್ರು" ಎಂದು ಆತ ಹೇಳಿದ.

ಕೊಡುತ್ತಿದ್ದುದು ನಿಜ. ಔಷಧದಾನದ ನಿಧಿಯೊಂದಿತ್ತು, ದಾನಿಗಳ ಹೆಸರು ಕಲ್ಲಿನ ಫಲಕದಲ್ಲಿ ಕೆತ್ತಿತ್ತು. ಆದರೆ ಅದರಿಂದ ಹಣ ತೆಗೆಯಲು ಅರ್ಜಿ ಬೇಕು, ವೈದ್ಯರ ಚೀಟಿ ಬೇಕು, ಇಬ್ಬರ ಸಹಿ ಬೇಕು. ಇನ್ನೊಂದು ಸಹಿಯವರು ಮೂಡುಬಿದಿರೆಯ ನೆಂಟರ ಮನೆಗೆ ಹೋಗಿದ್ದರು. ಇನ್ನು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆ. ದೀಪ ಹಚ್ಚಿದ ಮೇಲೆ ಪೆಟ್ಟಿಗೆಯಿಂದ ಹಣ ಹೊರಗೆ ಹೋಗಬಾರದೆಂಬುದು ನಮ್ಮ ತಂದೆಯ ಕಾಲದಿಂದ ಬಂದ ಕಟ್ಟಳೆ. ಅಂದು ಶುಕ್ರವಾರ ಬೇರೆ. ಈ ಕಟ್ಟಳೆ ಯಾವ ಆಗಮದಲ್ಲಿದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. "ಬೆಳಿಗ್ಗೆ ಬಾ, ಏನಾದರೂ ಮಾಡೋಣ" ಎಂದೆ. ಆತ ಎದುರು ಮಾತಾಡಲಿಲ್ಲ. ತಲೆಯಾಡಿಸಿ ಮಳೆಗೆ ಇಳಿದ.

ಮರುದಿನ ಬೆಳಿಗ್ಗೆ ನಮ್ಮ ತಾಯಿಯವರು ಕೇಳಿದರು: "ರಾತ್ರಿ ಬಂದಿದ್ದು ಯಾರು ಮಗಾ?" ಹೇಳಿದೆ. "ಏನು ಕೊಟ್ಟು ಕಳಿಸಿದೆ?" ಎಂದರು. ಸೂರ್ಯಾಸ್ತದ ನಂತರ ಒಂದು ಗುಟುಕು ನೀರನ್ನೂ ಮುಟ್ಟದ ವ್ರತಸ್ಥೆ ಆಕೆ. ಆ ದಿನ ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಅಡಿಕೆ ಹೇರಿಕೊಂಡು ಹೊರಟಿದ್ದ ಲಾರಿಯವನೊಬ್ಬ ದಾರಿಯಲ್ಲಿ ಅವರನ್ನು ಕಂಡು ಹತ್ತಿಸಿಕೊಂಡನಂತೆ. ಮರ ಬಿದ್ದು ರಸ್ತೆ ಕಟ್ಟಿತ್ತು. ಶಿವಮೊಗ್ಗ ತಲುಪುವಾಗ ಬೆಳಕು ಹರಿದಿತ್ತು. ಮಿದುಳುಜ್ವರವೆಂದು ಹೇಳಿದರು. ಹುಡುಗ ಬದುಕಿದ, ಆದರೆ ಎರಡೂ ಕಿವಿ ಹೋದವು. ಆ ರಾತ್ರಿಯ ಕೆಲವು ಗಂಟೆಗಳಿಂದ ವ್ಯತ್ಯಾಸವಾಗುತ್ತಿತ್ತೇ ಎಂದು ಬಹುಕಾಲದ ಮೇಲೆ ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. "ಹೇಳಲು ಬರುವುದಿಲ್ಲ. ಈ ಕಾಯಿಲೆಯಲ್ಲಿ ಔಷಧ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಬೇಗ ಬಂದವರಲ್ಲೂ ಕಿವಿ ಹೋದದ್ದುಂಟು" ಎಂದರು. ನೀನೇ ಕಾರಣ ಎಂದಿದ್ದರೆ ಪ್ರಾಯಶ್ಚಿತ್ತಕ್ಕೆ ಒಂದು ದಾರಿ ಇರುತ್ತಿತ್ತು. ನೀನಲ್ಲ ಎಂದಿದ್ದರೆ ನಿದ್ರೆ ಬರುತ್ತಿತ್ತು. ಎರಡೂ ಅಲ್ಲದ ಈ ಉತ್ತರವನ್ನು ಮೂರು ದಶಕದಿಂದ ಇಟ್ಟುಕೊಂಡಿದ್ದೇನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಔಷಧವನ್ನು ವೈಯಾವೃತ್ಯದಲ್ಲಿ ಸೇರಿಸಿ, ಅದಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೆಸರಿಸುತ್ತಾರೆ. ಅಲ್ಲಿನ ಪ್ರಸಂಗ ಮುಖ್ಯವಾಗಿ ಸಂಯಮಿಗಳ ಸೇವೆಯದು ಎಂಬುದನ್ನು ಬಲ್ಲೆ. ಹಾಗಿದ್ದರೆ ಕೂಲಿಕಾರನ ಮಗು ಯಾವ ಲೆಕ್ಕಕ್ಕೆ ಸೇರುತ್ತದೆ? ಇದಕ್ಕೆ ಉತ್ತರ ಆದಿಪುರಾಣದಲ್ಲಿದೆ. ಜಿನಸೇನಾಚಾರ್ಯರು ದತ್ತಿಯನ್ನು ವಿಂಗಡಿಸುವಾಗ ಪಾತ್ರದತ್ತಿಯ ಜೊತೆಯಲ್ಲಿಯೇ ದಯಾದತ್ತಿಯನ್ನು ಪ್ರತ್ಯೇಕವಾಗಿ ಹೇಳಿದ್ದಾರೆ. ಪಾತ್ರದತ್ತಿಯಲ್ಲಿ ಪಡೆಯುವವನ ಗುಣವನ್ನು ನೋಡಬೇಕು. ದಯಾದತ್ತಿಯಲ್ಲಿ ನೋಡಬೇಕಾದದ್ದು ಅವನ ಭಯ ಮತ್ತು ನೋವು ಮಾತ್ರ. ಅರ್ಜಿ, ಚೀಟಿ, ಎರಡು ಸಹಿ ಇವೆಲ್ಲ ಪಾತ್ರಪರೀಕ್ಷೆಯ ಉಪಕರಣಗಳು. ದಯಾದತ್ತಿಯ ನಿಧಿಗೆ ಪಾತ್ರಪರೀಕ್ಷೆಯ ಬೀಗ ಹಾಕಿದ್ದೆವು ಎಂಬುದು ನನಗೆ ತಡವಾಗಿ ಹೊಳೆಯಿತು. ಆ ಲಾರಿಯ ಚಾಲಕನಿಗೆ ಈ ವಿಂಗಡಣೆ ಗೊತ್ತಿರಲಿಕ್ಕಿಲ್ಲ.

ನಮ್ಮ ಸೀಮೆಯವರಿಗೆ ಹೊಂಬುಜದ ಪಂಚಕೂಟ ಬಸದಿ ಹೊಸ ಹೆಸರಲ್ಲ. 1077ರಲ್ಲಿ ಅದನ್ನು ಕಟ್ಟಿಸಿದ ಚಟ್ಟಲದೇವಿಯನ್ನು ನಾವು ಬಸದಿ ಕಟ್ಟಿಸಿದವಳೆಂದು ಮಾತ್ರ ನೆನೆಯುತ್ತೇವೆ. ತಾಯಿಯಿಲ್ಲದ ತಂಗಿಯ ನಾಲ್ವರು ಮಕ್ಕಳನ್ನು ತನ್ನವರೆಂದು ಸಾಕಿ ಬೆಳೆಸಿದವಳೂ ಆಕೆಯೇ. ಶಿಲೆಯ ಕೆಲಸವನ್ನು ಎಲ್ಲರೂ ಕಾಣುತ್ತಾರೆ. ಆ ನಾಲ್ವರ ಜ್ವರದ ರಾತ್ರಿಗಳಲ್ಲಿ ಆಕೆ ಎಷ್ಟು ಎಚ್ಚರವಿದ್ದಳೋ ಯಾವ ಶಾಸನವೂ ಹೇಳುವುದಿಲ್ಲ.

1994ರಿಂದ ಈಚೆಗೆ ಬಹಳಷ್ಟು ಬದಲಾಗಿದೆ, ನಿಜ. 2008ರಿಂದ 108ಕ್ಕೆ ಕರೆಮಾಡಿದರೆ ಆರೋಗ್ಯ ಕವಚದ ಆಂಬ್ಯುಲೆನ್ಸ್ ಬರುತ್ತದೆ. ಬಡವನು ಬಾಡಿಗೆ ಕಾರಿನ ಮುಂಗಡಕ್ಕಾಗಿ ಜಗಲಿ ಹತ್ತಬೇಕಾಗಿಲ್ಲ. ಆದರೆ ದೂರ ಕರಗಿಲ್ಲ. ಸಾಗರದಿಂದಾಗಲಿ ಹೊಸನಗರದಿಂದಾಗಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ 60. ಮಣಿಪಾಲಕ್ಕೆ ಹೋಗಬೇಕಾದರೆ ಆಗುಂಬೆಯ ತಿರುವುಗಳನ್ನೋ ಹುಲಿಕಲ್ಲಿನ ತಿರುವುಗಳನ್ನೋ ಇಳಿಯಬೇಕು. ಕಾಡಿನ ನಡುವೆ ಮೊಬೈಲು ಸದ್ದಿಲ್ಲದ ಮನೆಗಳು ಇನ್ನೂ ಇವೆ.

ತುಮರಿಯ ಕಡೆಯವರ ಕಥೆಯನ್ನು ಇಲ್ಲಿ ಹೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿದಾಗ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಸಾಗರದಿಂದ ಕಡಿದುಹೋದವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚು ಹಾಕಿದರು. ಹಗಲಿನಲ್ಲಿ ಲಾಂಚು, ಕತ್ತಲಾದ ಮೇಲೆ ಇಲ್ಲ. ರಾತ್ರಿ ಮಗುವಿಗೆ ಉಸಿರು ಕಟ್ಟಿದರೆ, ಹಾವು ಮುಟ್ಟಿದರೆ, ಕಣ್ಣೆದುರಿಗೆ ಆಚೆ ದಡವಿದ್ದರೂ ನಗರ, ಹೊಸನಗರ ಸುತ್ತಿಕೊಂಡು ಹೋಗಬೇಕು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ಆಸ್ಪತ್ರೆಗಳ ಶಸ್ತ್ರಕ್ರಿಯೆಯ ಕೋಣೆಗಳನ್ನೂ ಬೆಳಗಿತು. ನೀರು ಕೊಟ್ಟವರ ಮಕ್ಕಳು ದಡದಲ್ಲಿ ಬೆಳಗಾಗುವುದನ್ನು ಕಾದರು. 2025ರ ಜುಲೈ 14ರಂದು ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಅರವತ್ತೊಂದು ವರ್ಷ! ಪತ್ರಿಕೆಗಳಲ್ಲಿ ಸಿಗಂದೂರು ಯಾತ್ರಿಕರ ಅನುಕೂಲದ ಮಾತು ದೊಡ್ಡದಾಗಿ ಬಂತು. ನಾನು ನೆನೆದದ್ದು ಆ ದಡದ ತಾಯಂದಿರನ್ನು. "ಬೆಳಿಗ್ಗೆ ಬಾ" ಎಂದು ನಾನೊಬ್ಬನೇ ಹೇಳಿದ್ದಲ್ಲ, ನಾಡೇ ಆ ಹಳ್ಳಿಗಳಿಗೆ ಹಾಗೆ ಹೇಳುತ್ತ ಬಂದಿತ್ತು.

ಮಕ್ಕಳ ವಿಷಯದಲ್ಲಿ ಹೊತ್ತು ಏಕೆ ಇಷ್ಟು ಕಿರಿದು? ವೈದ್ಯಮಿತ್ರರಿಂದ ಕೇಳಿ ತಿಳಿದಷ್ಟನ್ನು ಹೇಳುತ್ತೇನೆ. ಮಗುವನ್ನು ಸಣ್ಣ ಅಳತೆಯ ದೊಡ್ಡ ಮನುಷ್ಯನೆಂದು ತಿಳಿಯಬಾರದು. ಅದರ ಉಸಿರಿನ ಕೊಳವೆ ಕಿರಿದು. ಒಂದು ಕಡಲೆಬೀಜ, ಒಂದು ಅಡಿಕೆ ಚೂರು ಸಿಕ್ಕಿಕೊಂಡರೆ ಸಾಕು. ವಾಂತಿಭೇದಿಯಲ್ಲಿ ನೀರು ಬೇಗ ಬತ್ತುತ್ತದೆ. ರಕ್ತವೋ ನೀರೋ ಕಡಿಮೆಯಾದಾಗ ಮಗುವಿನ ಹೃದಯವು ವೇಗವಾಗಿ ಬಡಿದು ರಕ್ತದೊತ್ತಡವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅತ್ತು ಅತ್ತು ದಣಿದ ಮಗು ಸುಮ್ಮನಾಯಿತೆಂದು ಮನೆಯವರು ಸಮಾಧಾನಪಡುವ ಹೊತ್ತೇ ಅಪಾಯದ ಹೊತ್ತಾಗಿರಬಹುದು. ಎಬ್ಬಿಸಿದರೂ ಏಳದ ಮಂಪರು, ಹಾಲು ನೀರು ಒಲ್ಲದಿರುವುದು, ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದುವುದು, ಸೆಳವು ಇವು ಕಂಡರೆ ಕಾಯುವ ಮಾತೇ ಇಲ್ಲ. ಸೆಳವು ಬಂದಾಗ ನಮ್ಮ ಮನೆಗಳಲ್ಲಿ ಕೈಗೆ ಬೀಗದಕೈ ಗೊಂಚಲು ಕೊಡುತ್ತೇವೆ, ಹಲ್ಲಿನ ನಡುವೆ ಚಮಚ ತುರುಕುತ್ತೇವೆ, ಬಾಯಿಗೆ ನೀರು ಹೊಯ್ಯುತ್ತೇವೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಗಾಡಿ ತರಿಸುವುದು ಮಾತ್ರ ನಮ್ಮ ಕೆಲಸ. ಬರೆ ಹಾಕುವ ಪದ್ಧತಿಯೂ ಕೆಲವೆಡೆ ಉಳಿದಿದೆಯೆಂದು ಕೇಳಿದ್ದೇನೆ. ಅಹಿಂಸಾ ಪರಮೋ ಧರ್ಮಃ ಎನ್ನುವ ನಾಡಿನಲ್ಲಿ ಜ್ವರ ಬಂದ ಕೂಸಿನ ಹೊಟ್ಟೆಗೆ ಕಾದ ಕಬ್ಬಿಣ!

ಹೊತ್ತಿನ ಬೆಲೆ ಬಲ್ಲ ವೈದ್ಯರೊಬ್ಬರ ದೃಷ್ಟಾಂತ ನೆನಪಾಗುತ್ತದೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಬನಗಾಂವ್‌ನಲ್ಲಿ ಕಾಲರಾಕ್ಕೆ ಸಿಕ್ಕಿ ಸಾಯುತ್ತಿದ್ದಾಗ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಸಲೈನ್ ಮುಗಿಯುತ್ತ ಬಂದಿತ್ತು. ಅವರು ಉಪ್ಪು, ಗ್ಲುಕೋಸ್, ಅಡಿಗೆ ಸೋಡಾ ಬೆರೆಸಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಪೊಟ್ಟಣವೇ ಇಂದಿನ ಓ.ಆರ್.ಎಸ್. ಮೇಲಿನವರ ಒಪ್ಪಿಗೆ ಬರಲಿ ಎಂದು ಅವರು ಕಾಯಲಿಲ್ಲ. ಕಿರಾಣಿ ವ್ಯಾಪಾರಿಯಾದ ನನಗೆ ಈ ಸಂಗತಿಯ ಮೇಲೆ ವಿಶೇಷ ಅಭಿಮಾನ. ಅವರು ಬಳಸಿದ ಮೂರರಲ್ಲಿ ಎರಡಾದರೂ ನನ್ನ ಅಂಗಡಿಯಲ್ಲಿ ಎಂದಿಗೂ ಇದ್ದವು.

ಕಾನೂನು ಕೂಡ ಈ ವಿಷಯದಲ್ಲಿ ನಮಗಿಂತ ಮುಂದಿದೆ. 1860ರ ಭಾರತ ದಂಡ ಸಂಹಿತೆಯ 92ನೆಯ ಕಲಮಿನಲ್ಲಿ, ಒಪ್ಪಿಗೆ ಪಡೆಯಲು ಸಮಯವಿಲ್ಲದಾಗ ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲವೆಂದು ಹೇಳಿ, ಉದಾಹರಣೆಯಾಗಿ ಕೊಟ್ಟದ್ದು ಅಪಘಾತಕ್ಕೆ ಸಿಕ್ಕ ಒಂದು ಮಗುವನ್ನು: ಪೋಷಕರನ್ನು ಕೇಳುವಷ್ಟು ಹೊತ್ತಿಲ್ಲ, ವೈದ್ಯನು ಶಸ್ತ್ರಕ್ರಿಯೆ ಮಾಡುತ್ತಾನೆ, ಅವನು ತಪ್ಪಿತಸ್ಥನಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಿನಲ್ಲಿಯೂ ಇದು ಉಳಿದಿದೆ. ತುರ್ತಿನಲ್ಲಿ ಬಂದ ಗಾಯಾಳುವಿನ ಪ್ರಾಣರಕ್ಷಣೆ ವೈದ್ಯರ ಮೊದಲ ಕರ್ತವ್ಯ, ವಿಧಿವಿಧಾನಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆಸ್ಪತ್ರೆಗೆ ಅನ್ವಯಿಸುವ ಈ ನ್ಯಾಯ ಬಸದಿಯ ಖಜಾನೆಗೆ ಅನ್ವಯಿಸಬಾರದೇ?

ಇನ್ನು ನಮ್ಮವರಲ್ಲಿಯೇ ಏಳುವ ಒಂದು ಕಠಿಣ ಶಂಕೆ. ಹಿಂದೊಮ್ಮೆ ಸ್ವಾಧ್ಯಾಯ ಗೋಷ್ಠಿಯಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಕೇಳಿದಳು: "ಮಾವ, ಹಾವಿನ ವಿಷಕ್ಕೆ ಕೊಡುವ ಮದ್ದನ್ನು ಕುದುರೆಯ ರಕ್ತದಿಂದ ತೆಗೆಯುತ್ತಾರಂತೆ. ಅದನ್ನು ನಾವು ತೆಗೆದುಕೊಳ್ಳಬಹುದೇ?" ಸಭೆಯಲ್ಲಿ ಕೆಲವರು ನಕ್ಕರು. ನಗುವ ಪ್ರಶ್ನೆ ಅದಲ್ಲ. ಹಾವುಗಳಿಂದ ವಿಷ ಹಿಂಡಿ, ಅದನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಶುದ್ಧಿಮಾಡಿ ಸೀಸೆಗೆ ತುಂಬುತ್ತಾರೆ. ಕುದುರೆಯನ್ನು ಕೊಲ್ಲುವುದಿಲ್ಲ, ಆದರೆ ಅದಕ್ಕೆ ನೋವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿಯೂ ಉಳಿದವನ್ನು ಆದಷ್ಟು ಮಟ್ಟಿಗೂ ಬಿಡಬೇಕೆಂದರು. ಕುದುರೆಯ ನೋವು ಸಂಕಲ್ಪೀ ಹಿಂಸೆಯಲ್ಲ ಎಂದು ವಾದಿಸಬಹುದು. ಆದರೆ ಆ ಹುಡುಗಿಗೆ ನಾನು ಕೊಟ್ಟ ಉತ್ತರ ಬೇರೆ. ನಿನ್ನ ಮೈಗೆ ಹಾವು ಕಚ್ಚಿದಾಗ ಬೇಡವೆನ್ನುವ ಅಧಿಕಾರ ನಿನಗಿದೆಯೋ ಇಲ್ಲವೋ, ಅದು ನಿನ್ನ ಮತ್ತು ನಿನ್ನ ಗುರುಗಳ ನಡುವಿನ ಮಾತು. ನಿನ್ನ ತಮ್ಮನಿಗೆ ಕಚ್ಚಿದಾಗ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಎಂಟು ವರ್ಷ ತುಂಬದ ಮಗುವಿಗೆ ಸಂಯಮಗ್ರಹಣದ ಯೋಗ್ಯತೆಯೇ ಇಲ್ಲವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ವ್ರತವೇ ಇಲ್ಲದವನಿಗೆ ವ್ರತಭಂಗವೆಲ್ಲಿಯದು? ತಂದೆತಾಯಿಯ ವ್ರತವನ್ನು ಮಗುವಿನ ದೇಹದ ಮೇಲೆ ಆಚರಿಸಿದರೆ ಅದು ತಂದೆತಾಯಿಯ ಅಹಂಕಾರವಾಗುತ್ತದೆ. ರಾತ್ರಿಯಲ್ಲಿ ಮಗುವಿಗೆ ಔಷಧ, ಓ.ಆರ್.ಎಸ್. ಕುಡಿಸಬಹುದೇ ಎಂದು ಅನುಮಾನಿಸುವ ತಾಯಂದಿರಿಗೂ ನನ್ನ ಉತ್ತರ ಇದೇ.

ಈ ಪ್ರಸಂಗದಲ್ಲಿ ವೈದ್ಯರಿಂದ ತಿಳಿದ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಸಾಮಾನ್ಯವಾಗಿ ಮಕ್ಕಳಿಗೆ ಔಷಧವನ್ನು ತೂಕಕ್ಕೆ ತಕ್ಕಂತೆ ಕಡಿಮೆ ಕೊಡುತ್ತಾರೆ. ಪ್ರತಿವಿಷವನ್ನು ಮಾತ್ರ ದೊಡ್ಡವರಿಗೆ ಕೊಡುವಷ್ಟೇ ಕೊಡಬೇಕು, ಏಕೆಂದರೆ ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲ. ನಮ್ಮ ನಿಧಿಗಳಲ್ಲಿ "ಮಕ್ಕಳಿಗೆ ಅರ್ಧ" ಎಂಬ ನಿಯಮ ಇದ್ದುದನ್ನು ಆಗ ನೆನೆದು ನಾಚಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣಗಳಲ್ಲಿ ಸೇರಿಸಿದೆ, ಒಳ್ಳೆಯ ಕೆಲಸ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇನ್ನೊಂದಿದೆ: "ಅವನ ಆಯುಷ್ಯ ಅಷ್ಟೇ ಇತ್ತು." ಮಗುವನ್ನು ಕಳೆದುಕೊಂಡವರು ತಮ್ಮ ಸಮಾಧಾನಕ್ಕೆ ಹೇಳಿಕೊಂಡರೆ ನಾನು ಕೈಮುಗಿದು ಸುಮ್ಮನಿರುತ್ತೇನೆ. ಕೊಡಬೇಕಾದವರು ಕೊಡದೆ ಹೇಳಿದರೆ ಸುಮ್ಮನಿರಲಾರೆ. ಆಯುಷ್ಯ ಕಡಿಮೆಯಾಗದೆ ಪೂರ್ತಿಯಾಗಿ ನಡೆಯುವುದು ದೇವತೆಗಳು, ನಾರಕಿಗಳು, ಚರಮದೇಹಿಗಳು ಮುಂತಾದ ಕೆಲವರಿಗೆ ಮಾತ್ರವೆಂದು ತತ್ತ್ವಾರ್ಥಸೂತ್ರವು ಎಣಿಸಿ ಹೇಳುತ್ತದೆ. ನಮ್ಮಂಥ ಸಾಮಾನ್ಯರ ಆಯುಷ್ಯ ವಿಷ, ಶಸ್ತ್ರ, ರೋಗಗಳಿಂದ ನಡುವೆಯೇ ತುಂಡಾಗಬಲ್ಲದು. ಇದನ್ನು ವ್ಯಾಖ್ಯಾನಿಸುತ್ತ ಅಕಲಂಕದೇವರು ರಾಜವಾರ್ತಿಕದಲ್ಲಿ ವೈದ್ಯಶಾಸ್ತ್ರವನ್ನೇ ಪ್ರಮಾಣವಾಗಿ ತರುತ್ತಾರೆ: ಅಕಾಲಮರಣವೆಂಬುದು ಇಲ್ಲದಿದ್ದರೆ ಅದನ್ನು ತಡೆಯುವ ಚಿಕಿತ್ಸೆಗೆ ಅರ್ಥವೇ ಇರುತ್ತಿರಲಿಲ್ಲ. ಹೀಗಿರುವಾಗ ಆಯುಷ್ಯಕರ್ಮದ ಹೆಸರಿನಲ್ಲಿ ಗಲ್ಲಾಪೆಟ್ಟಿಗೆ ಮುಚ್ಚುವವನು ಕರ್ಮಸಿದ್ಧಾಂತವನ್ನು ಅರ್ಧ ಓದಿದವನು. ಪರರ ಲಾಭಕ್ಕೆ ವಿಘ್ನ ಮಾಡಿದವನಿಗೆ ಅಂತರಾಯ ಕರ್ಮ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಅವನು ಓದಬೇಕು. ಎರಡನೆಯ ಸಹಿಯೂ ಒಂದು ವಿಘ್ನವಾಗಬಲ್ಲದು.

2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಾಗ ನಾವೆಲ್ಲ ಬೀದಿಗಿಳಿದೆವು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ನಾವು ಆಗ ಮಂಡಿಸಿದ ವಾದವೇನು? ಸಲ್ಲೇಖನವು ವಿವೇಕದಿಂದ, ಗುರುಗಳ ಅನುಜ್ಞೆಯಿಂದ, ಸ್ವತಃ ಕೈಗೊಳ್ಳುವ ವ್ರತ ಎಂದು. ಆ ವಾದ ನಮ್ಮನ್ನೂ ಕಟ್ಟಿಹಾಕುತ್ತದೆ. ವೃದ್ಧರಾದ ನಮಗೆ ಆಸ್ಪತ್ರೆ ಬೇಡವೆನ್ನುವ ದಾರಿ ತೆರೆದಿದೆ. ನಾಲ್ಕು ವರ್ಷದ ಕೂಸಿಗೆ ಅಂಥ ದಾರಿಯಿಲ್ಲ. ಅದರ ಪರವಾಗಿ ಹಿಡಿಯಬಹುದಾದದ್ದು ಒಂದೇ ದಾರಿ, ಶಿವಮೊಗ್ಗದ ದಾರಿ.

ಟ್ರಸ್ಟುಗಳಲ್ಲಿರುವ ಧರ್ಮಬಂಧುಗಳಿಗೆ ಒಂದು ಮಾತು. ಆಸ್ಪತ್ರೆ ಕಟ್ಟಿಸಿ ಎಂದು ನಾನು ಹೇಳುವುದಿಲ್ಲ. ಅದು ಎಲ್ಲರ ಕೈಲಾಗದು, ಕಟ್ಟಿದ ಮೇಲೆ ವೈದ್ಯರು ಸಿಗುವುದು ಇನ್ನೂ ಕಷ್ಟ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮಕ್ಕಳ ಅಳತೆಯ ಆಮ್ಲಜನಕದ ಮುಖವಾಡ ಇದೆಯೇ, ನೆಬ್ಯುಲೈಸರ್ ಕೆಲಸ ಮಾಡುತ್ತಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಕೊಡಿಸಿ. ಅಮೃತಶಿಲೆಯ ಒಂದು ಚಪ್ಪಡಿಯ ಬೆಲೆಯೂ ಆಗಲಾರದು. ಹೆಸರು ಕೆತ್ತಿಸಲು ಅದರ ಮೇಲೆ ಜಾಗವಿಲ್ಲ ಎಂಬುದೊಂದೇ ಕೊರತೆ.

ನಮ್ಮ ಮಂಡಳಿಯಲ್ಲಿ ಈಗ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಹತ್ತು ಸಾವಿರ ರೂಪಾಯಿಯ ಒಂದು ಲಕೋಟೆ ನನ್ನ ಅಂಗಡಿಯ ಕಪಾಟಿನಲ್ಲಿರುತ್ತದೆ. ಕೀಲಿಕೈ ಮೂವರ ಬಳಿ: ನಾನು, ಬಸದಿಯ ಇಂದ್ರರು, ಬಸ್‌ಸ್ಟ್ಯಾಂಡಿನ ಒಬ್ಬ ಕಾರು ಚಾಲಕ. ಮಗುವಿನ ತುರ್ತಿಗೆ ಯಾರು ಬಂದರೂ, ಯಾವ ಜಾತಿಯವರಾದರೂ, ಯಾವ ಹೊತ್ತಾದರೂ, ಮೂವರಲ್ಲಿ ಒಬ್ಬರು ತೆಗೆದು ಕೊಡುವುದು, ಬರಹ ಆಮೇಲೆ. ಇದನ್ನು ಸಭೆಯಲ್ಲಿ ಇಟ್ಟಾಗ ವಿರೋಧ ಬಂತು. ಮೋಸ ಹೋಗುವುದಿಲ್ಲವೇ ಎಂದರು. ಹೋಗುತ್ತೇವೆ, ಈವರೆಗೆ ಎರಡು ಸಲ ಹೋಗಿದ್ದೇವೆ. ವ್ಯಾಪಾರದಲ್ಲಿ ಬರದ ಬಾಕಿಯನ್ನು ವರ್ಷವರ್ಷವೂ ಬರೆದುಹಾಕುವ ನಮಗೆ ಇದೇನು ಹೊಸದಲ್ಲ.

ಲೆಕ್ಕಪರಿಶೋಧಕರು ಮಾತ್ರ ಒಪ್ಪಲಿಲ್ಲ. ವೋಚರಿಲ್ಲದ ಖರ್ಚನ್ನು ಯಾವ ಬಾಬ್ತಿಗೆ ಹಾಕುತ್ತೀರಿ ಎಂದರು. ಅವರು ನನ್ನ ಮಗನ ವಯಸ್ಸಿನವರು, ಕೇಳಿದ್ದು ನ್ಯಾಯವೇ. ರೋಕಡ ಪುಸ್ತಕ ತೆರೆದು, ಔಷಧದಾನದ ಖಾತೆಯ ಕೆಳಗೆ ಒಂದು ಹೊಸ ಉಪಖಾತೆ ಬರೆದೆ: "ರಾತ್ರಿ ಬಾಬ್ತು." ಮೊದಲ ಸಾಲಿನಲ್ಲಿ ತಾರೀಖು 1994ರ ಆಷಾಢವೆಂದೂ, ಮೊಬಲಗು ಆರುನೂರು ರೂಪಾಯಿ ಎಂದೂ, ನನ್ನ ಸ್ವಂತ ಹೆಸರಿನಿಂದ ಬರಬೇಕಾದದ್ದೆಂದೂ ಬರೆದು ಅದನ್ನು ಕಟ್ಟಿದೆ. ಇಷ್ಟು ಹಳೆಯದಕ್ಕೆ ಬಡ್ಡಿ ಲೆಕ್ಕ ಹಾಕಬೇಕೇ ಎಂದು ಅವರು ಕೇಳಿದರು. ಆ ಲೆಕ್ಕ ಇನ್ನೂ ಮುಗಿದಿಲ್ಲ.